ಕಟುಕರ ಎರಡನೇ ಉಪಾಹಾರ

ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಒಂದಾದ ಬ್ರಂಚ್ ಬಡಿಸುವ ಮಹಾನಗರಗಳ ದುಬಾರಿ ಹೋಟೆಲುಗಳಿಂದ ಹೊರಬರುವವರಲ್ಲಿ ಒಮ್ಮತವಿರುವುದಿಲ್ಲ. ಒಬ್ಬರಿಗೆ ಹಬ್ಬದೂಟ ಉಂಡ ತೃಪ್ತಿ. ಇನ್ನೊಬ್ಬರಿಗೆ ಕಾದದ್ದು, ಹಣ ತೆತ್ತದ್ದು ಎರಡೂ ದಂಡ. ಇದಕ್ಕೆ ಅಡುಗೆಯವರನ್ನಷ್ಟೇ ದೂರಿದರೆ ಸಾಲದು, ಈ ಊಟ ಯಾರಿಂದ ಯಾರ ಪಾಲಾಯಿತು ಎಂಬುದನ್ನೂ ನೋಡಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, ಫ್ರೆಂಚ್ ಮಾರ್ಕೆಟ್ಟಿನ ಬಳಿ, ಜರ್ಮನಿಯಲ್ಲಿ ಹುಟ್ಟಿದ ಎಲಿಜಬೆತ್ ಬೆಗೆ 19ನೇ ಶತಮಾನದ ಉತ್ತರಾರ್ಧದಲ್ಲಿ ಹೋಟೆಲು ನಡೆಸುತ್ತಿದ್ದರು. ನಸುಕಿಗೆ ಮೊದಲೇ ಕೆಲಸಕ್ಕಿಳಿಯುತ್ತಿದ್ದ ಮಾರುಕಟ್ಟೆಯ ಕಟುಕರು 11 ಗಂಟೆಗೆ ಹಸಿದು ಬರುತ್ತಿದ್ದರು. ಆಮ್ಲೆಟ್, ಲಿವರ್, ಬ್ರೆಡ್, ವೈನ್, ಕೊನೆಗೆ ಕಾಫಿ: ಇಂದಿನ ಬ್ರಂಚನ್ನೇ ಹೋಲುವ ಅವರ ಎರಡನೇ ಉಪಾಹಾರ ನಿಧಾನವಾಗಿ, ಹಲವು ಸುತ್ತುಗಳಲ್ಲಿ ಸಾಗುತ್ತಿತ್ತು. 1884ರಲ್ಲಿ ಆ ಊರಲ್ಲಿ ಶುರುವಾದ ವಿಶ್ವ ಹತ್ತಿ ಪ್ರದರ್ಶನಕ್ಕೆ ಬಂದವರಿಗೆ ಇದರ ರುಚಿ ಹತ್ತಿತು. ಕ್ರಮೇಣ ಕಟುಕರ ಮೇಜುಗಳಲ್ಲಿ ಪ್ರವಾಸಿಗರು ಕೂತರು. ಊಟ ಅದೇ, ಹಸಿವು ಮಾತ್ರ ಬೇರೆ.

ಬ್ರಂಚ್ ಮೊದಲಿನಿಂದಲೂ ಉಳ್ಳವರ ವಿರಾಮದ ಊಟವೇ ಅಲ್ಲವೇ ಎಂದು ಕೇಳಬಹುದು. ಇಂಗ್ಲೆಂಡಿನ ಲೇಖಕ ಗೈ ಬೆರಿಂಜರ್ 1895ರಲ್ಲಿ ಅದರ ಪರ ಬರೆದದ್ದು ಶನಿವಾರ ರಾತ್ರಿ ತಡವಾಗಿ ಮಲಗಿದವರಿಗಾಗಿ, ನಿಜ. ಆದರೆ ಅವರೂ ಹೊಗಳಿದ್ದು ಅದರ ನಿರಾಳತೆಯನ್ನು, ಸ್ನೇಹಿತರ ಹರಟೆಯನ್ನು; ವೈಭವವನ್ನಲ್ಲ. ಒಳ್ಳೆಯ ಪದಾರ್ಥಕ್ಕೆ ಹೆಚ್ಚು ಬೆಲೆ ಬೀಳುತ್ತದೆಂಬ ಸಮರ್ಥನೆಯನ್ನೂ ಒಪ್ಪೋಣ. ಸಾಲಿನಲ್ಲಿ ನಿಲ್ಲಿಸಿ, ತಿಂದೊಡನೆ ಮೇಜು ಬಿಡಿಸುವ ಆತುರಕ್ಕೆ ಆ ಸಮರ್ಥನೆ ಒದಗದು. ಅಲ್ಲಿ ಗ್ರಾಹಕರ ದೂರೇ ನ್ಯಾಯವಾದದ್ದು.