ಸಂಕ ದಾಟಿ ಹೋದ ಓದು

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯನ್ನು ಯಾರು ಬರೆದರೂ ಕಾಲೇಜುಗಳು ಹುಟ್ಟಿದ ಇಸವಿಗಳನ್ನು ಸಾಲಾಗಿ ಕೊಡುತ್ತಾರೆ. 1921ರಲ್ಲಿ ಮಂಗಳೂರಿನಲ್ಲಿ ಹುಡುಗಿಯರಿಗೆಂದೇ ಸಂತ ಆಗ್ನೆಸ್ ಕಾಲೇಜು. 1958ರಲ್ಲಿ ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ಕಟ್ಟಿದ ನೆಹರು ಮೆಮೋರಿಯಲ್ ಕಾಲೇಜು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ. ಇಸವಿಗಳೆಲ್ಲ ಸರಿಯೇ. ಆದರೆ ಕಾಲೇಜಿನ ಬಾಗಿಲು ತೆರೆದ ದಿನವೇ ನಮ್ಮ ಮನೆಬಾಗಿಲಿನಿಂದ ಅಲ್ಲಿಗೆ ದಾರಿಯೂ ತೆರೆಯಿತು ಎಂದುಕೊಂಡರೆ, ನಮ್ಮ ಕೊಲ್ಲಮೊಗ್ರಿನಂಥ ಊರಿನ ಅರ್ಧ ಚರಿತ್ರೆ ಬಿಟ್ಟುಹೋಗುತ್ತದೆ.

ಕೊಲ್ಲಮೊಗ್ರು ಸುಳ್ಯ ತಾಲೂಕಿನಲ್ಲಿ ಘಟ್ಟದ ಬುಡದ ಊರು. ಅತ್ತ ಕಲ್ಮಕಾರು, ಇತ್ತ ಹರಿಹರ ಪಳ್ಳತ್ತಡ್ಕ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡೆ, ಇಲ್ಲವೇ ಒಂದು ತೋಡು. ಪೇಟೆಯಲ್ಲಿ ಬೆಳೆದವರಿಗೆ ಕಾಲೇಜಿನ ದಾರಿಯೆಂದರೆ ಬಸ್ಸು ಹತ್ತುವುದರಿಂದ ಸುರು. ನಮಗೆ ಅದು ಸಂಕ ದಾಟುವುದರಿಂದ ಸುರು. ಎರಡು ಅಡಿಕೆ ಮರ ಕಡಿದು, ಜೋಡಿಸಿ, ತೋಡಿನ ಮೇಲೆ ಅಡ್ಡ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿದರೆ ಅದೇ ಸಂಕ. ಬೇಸಿಗೆಯಲ್ಲಿ ಅದರ ಮೇಲೆ ಮಕ್ಕಳು ಓಡುತ್ತಿದ್ದರು. ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅದೇ ಮರದ ಮೇಲೆ ಗಂಡಸರೂ ದೇವರ ಹೆಸರು ಹೇಳಿಕೊಂಡು ಹೆಜ್ಜೆ ಇಡಬೇಕು.

ನಮ್ಮ ದೊಡ್ಡಮ್ಮ ಓದಿನಲ್ಲಿ ಚುರುಕು. ಅವರ ಓದು ನಿಂತದ್ದು ಫೇಲಾಗಿ ಅಲ್ಲ. ಒಂದು ಮಳೆಗಾಲ ಸಂಕ ಕೊಚ್ಚಿಹೋಗಿ. "ಹೊಳೆ ಇಳಿದ ಮೇಲೆ ಹೋದರಾಯಿತು ಮಗಾ" ಎಂದರಂತೆ ಅಜ್ಜಿ. ಹೊಳೆ ಇಳಿಯುವಷ್ಟರಲ್ಲಿ ಮದುವೆಯ ಮಾತು ಬಂತು. ಅದೇ ಮನೆಯ ಮಾವಂದಿರು ಪೇಟೆಯಲ್ಲಿ ನೆಂಟರ ಮನೆಯಲ್ಲಿ ಉಳಿದು ಓದಿದರು. ಹೊಳೆ ಇಬ್ಬರಿಗೂ ಒಂದೇ. ಆದರೆ ಹುಡುಗನಿಗೆ ಸುತ್ತಿನ ದಾರಿಯೊಂದಿತ್ತು, ಹುಡುಗಿಗೆ ಇರಲಿಲ್ಲ.

ನಾನು ಸುಳ್ಯಕ್ಕೆ ಕಾಲೇಜಿಗೆ ಹೋಗುವ ಹೊತ್ತಿಗೆ ಕಾಲ ಸ್ವಲ್ಪ ಬದಲಾಗಿತ್ತು. ನಾವು ಮೂವರು ಹುಡುಗಿಯರು ಬೆಳಕು ಹರಿಯುವ ಮೊದಲೇ ಬ್ಯಾಟರಿ ಹಿಡಿದು ಹೊರಡುತ್ತಿದ್ದೆವು. ಉಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು. ಲಂಗ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ನಡೆಯಬೇಕು. ಬಸ್ಸು ಸಿಗುವಲ್ಲಿ ತೋಡಿನ ನೀರಲ್ಲಿ ಕಾಲು ತೊಳೆದು ಚಪ್ಪಲಿ ಹಾಕಿಕೊಂಡರೆ ಅಲ್ಲಿಂದ ನಾವು ಕಾಲೇಜು ಹುಡುಗಿಯರು. ಆದರೂ ಆ ನಡಿಗೆಯಲ್ಲೇ ನಾವು ಪಾಠ ಬಾಯಿಪಾಠ ಮಾಡಿದ್ದು, ಮನೆಯಲ್ಲಿ ಹೇಳಲಾಗದ್ದನ್ನು ಮಾತಾಡಿದ್ದು. ಮನೆಯವರ ಕಣ್ಣಾಗಲಿ ಕಾಲೇಜಿನ ಕಣ್ಣಾಗಲಿ ಇಲ್ಲದ ಒಂದು ಗಂಟೆ ಹೆಣ್ಣುಮಕ್ಕಳಿಗೆ ಬೇರೆಲ್ಲಿ ಸಿಗುತ್ತಿತ್ತು ಹೇಳಿ?

ಜಗತ್ತಿನ ಬೇರೆ ಕಡೆ ಹೆಣ್ಣಿಗೆ ಇಂಥ ಸ್ವಾತಂತ್ರ್ಯ ಕೊಟ್ಟದ್ದು ಸೈಕಲ್ಲು. ಅದಕ್ಕೇ ಅದನ್ನು ಕಂಡರೆ ಕೆಲವರಿಗೆ ಸಿಟ್ಟು. 1897ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಹೆಣ್ಣುಮಕ್ಕಳಿಗೆ ಪದವಿ ಕೊಡಬೇಕೇ ಎಂದು ಮತಕ್ಕೆ ಹಾಕಿದಾಗ, ಬೇಡವೆನ್ನುವ ಗಂಡು ವಿದ್ಯಾರ್ಥಿಗಳು ಸೈಕಲ್ ಮೇಲೆ ಕುಳಿತ ಹೆಣ್ಣಿನ ಬೊಂಬೆ ಮಾಡಿ ಬೀದಿಯ ಮೇಲೆ ತೂಗುಹಾಕಿದರು. ಓದುವ ಹೆಣ್ಣನ್ನು ಹಂಗಿಸಲು ಅವರಿಗೆ ಹೊಳೆದ ಗುರುತು ಸೈಕಲ್ಲು! ಅಲ್ಲಿನ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಸಿಕ್ಕಿದ್ದು 1948ರಲ್ಲಿ. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1991ರ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ತುಳಿದರು.

ಆದರೆ ಅದು ಬಯಲಿನ ಊರು. ನಮ್ಮಲ್ಲಿ ಸೈಕಲ್ಲಿನ ಕತೆಯೇ ಬೇರೆ. ನನ್ನ ಅಣ್ಣ ಒಂದನ್ನು ತಂದಿದ್ದ. "ಏರಿನಲ್ಲಿ ನಾನು ಅದನ್ನು ದೂಡಬೇಕು, ತಗ್ಗಿನಲ್ಲಿ ಅದು ನನ್ನನ್ನು ದೂಡುತ್ತದೆ, ಸಂಕ ಬಂದರೆ ಹೆಗಲ ಮೇಲೆ ಹತ್ತಿ ಕೂರುತ್ತದೆ" ಎನ್ನುತ್ತಿದ್ದ. ಕೊನೆಗೆ ಅದನ್ನು ಮಾರ್ಗದ ಬದಿಯ ಅಂಗಡಿಯಲ್ಲಿಟ್ಟು ಅಲ್ಲಿಯವರೆಗೆ ನಡೆದೇ ಹೋಗುತ್ತಿದ್ದ. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಒಳ್ಳೆಯ ಯೋಜನೆಯೇ. ಆದರೆ ನಮ್ಮ ಊರ ಕಡೆ ನಾನು ಕಂಡ ಕೆಲವು ಸೈಕಲ್ಲುಗಳು ಮಕ್ಕಳಿಗಿಂತ ಹೆಚ್ಚಾಗಿ ಅಡಿಕೆ ಗೋಣಿಯನ್ನೇ ಹೊತ್ತವು.

ನಮ್ಮ ಸೀಮೆಗೆ ಬೇಕಾಗಿದ್ದದ್ದು ಗಾಲಿಯಲ್ಲ, ಕಾಲಿಡಲು ಗಟ್ಟಿಯಾದ ಜಾಗ. ಇದನ್ನು ಅರಿತವರು ಸುಳ್ಯದ ಗಿರೀಶ್ ಭಾರದ್ವಾಜರು. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದಿದ ಅವರು, ಊರವರ ಬೇಡಿಕೆಗೆ ಓಗೊಟ್ಟು, ಅವರ ಶ್ರಮವನ್ನೂ ಸೇರಿಸಿಕೊಂಡು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಬೇರೆ ರಾಜ್ಯಗಳಲ್ಲೂ ಸೇರಿ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಆ ಸೇತುವೆಯಲ್ಲಿ ಕಾರು ಹೋಗುವುದಿಲ್ಲ. ಆದರೆ ಕೊಡೆ ಹಿಡಿದ ಹುಡುಗಿ ಆಟಿಯ ಮಳೆಯಲ್ಲೂ ಹೋಗಿ ಬರುತ್ತಾಳೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ಹೆಂಗಸರಿಗೆ ಉಚಿತವಾಯಿತು. ತಿಂಗಳ ಪಾಸಿನ ದುಡ್ಡಿಗೆ ಅಪ್ಪನ ಮುಖ ನೋಡುವುದು ತಪ್ಪಿತು. ಆದರೆ ಮನೆಯಿಂದ ಬಸ್ಸಿನವರೆಗಿನ ದಾರಿ ಹಾಗೆಯೇ ಇದೆ. ಅದಕ್ಕೂ ಹಿಂದಿನ ವರ್ಷ, 2022ರ ಆಗಸ್ಟ್ ಮೊದಲ ದಿನಗಳ ಮಳೆಗೆ ಕೊಲ್ಲಮೊಗ್ರು, ಹರಿಹರ, ಕಲ್ಮಕಾರು ಭಾಗದಲ್ಲಿ ಹೊಳೆಗಳು ಉಕ್ಕಿ ಸೇತುವೆಗಳಿಗೆ ಹಾನಿಯಾಯಿತು. ಕಾಂಕ್ರೀಟು ಬಂದರೂ ನೀರು ನಮ್ಮನ್ನು ಮರೆತಿಲ್ಲ.

ನಿಮ್ಮ ಮನೆಯಲ್ಲೂ ಓದು ಅರ್ಧಕ್ಕೆ ಬಿಟ್ಟ ಅತ್ತೆ, ಚಿಕ್ಕಮ್ಮ ಇರಬಹುದು. ಯಾಕೆ ಬಿಟ್ಟಿರಿ ಎಂದಲ್ಲ, ದಾರಿ ಹೇಗಿತ್ತು ಎಂದು ಕೇಳಿ ನೋಡಿ. ಅವರು ಹೇಳುವ ಹೊಳೆಯ ಹೆಸರನ್ನೂ ಆ ಮಳೆಗಾಲದ ಇಸವಿಯನ್ನೂ ಬರೆದಿಟ್ಟುಕೊಳ್ಳಿ. ಕಾಲೇಜುಗಳ ಇಸವಿಯ ಪಕ್ಕದಲ್ಲಿ ಅದಕ್ಕೂ ಒಂದು ಜಾಗ ಸಲ್ಲಬೇಕು.