ಸಂಸ್ಕಾರವೂ ವರ್ಧಕ ದ್ರವ್ಯವೂ

ಗೋಕಾವಿ, ಮೂಡಲಗಿ, ಹುಕ್ಕೇರಿ ಸೀಮೆಗಳಲ್ಲಿ ಶ್ರೀಕೃಷ್ಣಪಾರಿಜಾತವನ್ನು ಅರಿಯದವರು ವಿರಳ. ಅದನ್ನು ಆಟವಾಗಿ ಹಬ್ಬಿಸಿದ ತಮ್ಮಣ್ಣನು ಕುಲಗೋಡಿನವನು. ಮೇಳದವರು ಈ ಆಟದ ಪದಗಳನ್ನು ಬಹುಮಟ್ಟಿಗೆ ಕೇಳಿಯೇ ಕಂಠಗತ ಮಾಡಿಕೊಂಡು ಬಂದವರು. ಪ್ರಾಯ ಸಂದ ಬಳಿಕವೂ ಹೊಸ ಪಾಠವು ಮನಸ್ಸಿನಲ್ಲಿ ನೆಲೆಗೊಳ್ಳುವುದೆಂತು? ಈ ಪ್ರಶ್ನೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ನೈಯಾಯಿಕರು ಸ್ಮೃತಿಗೆ ಕಾರಣವಾದ ಸಂಸ್ಕಾರವನ್ನು ‘ಭಾವನೆ’ಯೆಂದು ಕರೆದು, ಆತ್ಮಗುಣಗಳಲ್ಲಿ ಎಣಿಸಿದರು. ಪಾಶ್ಚಾತ್ಯ ಶೋಧಕರು ಅರಸಿದ್ದು ಮೆದುಳಿನಲ್ಲಾಗುವ ವಿಕಾರವನ್ನು. ಆಶ್ರಯವೇ ಭಿನ್ನವಾಗಿರಲು, ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂದು ಹೇಳುವುದು ಎರಡಕ್ಕೂ ಅನ್ಯಾಯ.

1894ರಲ್ಲಿ ಸ್ಪೇನ್ ದೇಶದ ಕಹಾಲ್ ಎಂಬ ವಿದ್ವಾಂಸನು, ಅಭ್ಯಾಸದಿಂದ ನರಕೋಶಗಳ ಸಂಬಂಧಗಳು ವೃದ್ಧಿ ಹೊಂದಬಹುದೆಂದು ಲಂಡನ್ನಿನ ರಾಯಲ್ ಸೊಸೈಟಿಯ ಉಪನ್ಯಾಸದಲ್ಲಿ ಊಹಿಸಿದನು. ಆದರೆ ಪ್ರೌಢರ ನರಮಾರ್ಗಗಳು ಸ್ಥಿರವಾದುವೆಂದು ಮುಂದೆ ಅವನೇ ಬರೆದನು. ಈ ಎರಡನೆಯ ಮಾತೇ ಬಹುಕಾಲ ಪ್ರಮಾಣವಾಗಿ ನಿಂತಿತು. 1897ರಲ್ಲಿ ಷೆರಿಂಗ್ಟನ್ನನು ಕೋಶಗಳ ಸಂಧಿಗೆ ‘ಸಿನಾಪ್ಸ್’ ಎಂಬ ಹೆಸರನ್ನು ಬಳಕೆಗೆ ತಂದನು. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಎಂಬವರು, ಮೊಲದ ಹಿಪ್ಪೊಕ್ಯಾಂಪಸ್ ಭಾಗದ ನರಗಳನ್ನು ಕ್ಷಣಕಾಲ ತೀವ್ರವಾಗಿ ಪ್ರಚೋದಿಸಿದರೆ ಸಂಧಿಯು ಗಂಟೆಗಟ್ಟಲೆ ಬಲಗೊಂಡಿರುವುದೆಂದು ತೋರಿಸಿದರು.

ವರ್ಧಕ ದ್ರವ್ಯಗಳ ಕಥೆ ಬೇರೆಡೆ ಆರಂಭವಾಯಿತು. 1950ರ ದಶಕದಲ್ಲಿ ರೀಟಾ ಲೇವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರು ನರಗಳನ್ನು ಬೆಳೆಸುವ ಒಂದು ದ್ರವ್ಯವನ್ನು ಕಂಡುಹಿಡಿದು, 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 1982ರಲ್ಲಿ ಬಾರ್ಡ್ ಮತ್ತು ಸಂಗಡಿಗರು ಹಂದಿಯ ಮೆದುಳಿನಿಂದ ಬಿ.ಡಿ.ಎನ್.ಎಫ್. ಎಂಬುದನ್ನು ಶೋಧಿಸಿ ತೆಗೆದರು. ಇವು ಎಳೆಯ ಕೋಶಗಳನ್ನು ಬದುಕಿಸುವ ಆಹಾರವೆಂದೇ ಆಗ ಮುಖ್ಯವಾಗಿ ಎಣಿಸಲಾಗಿತ್ತು. 1995ರಲ್ಲಿ ಕಾಂಗ್ ಮತ್ತು ಶೂಮನ್ ಅವರು, ಇದೇ ದ್ರವ್ಯವು ಪ್ರೌಢ ಇಲಿಯ ಹಿಪ್ಪೊಕ್ಯಾಂಪಸ್ಸಿನ ಸಂಧಿಗಳನ್ನು ದೀರ್ಘಕಾಲ ಬಲಪಡಿಸುವುದೆಂದು ಸಿದ್ಧಪಡಿಸಿದರು. ಪ್ರೌಢರ ಮೆದುಳು ಶಿಲೆಯಲ್ಲವೆಂಬುದಕ್ಕೆ ಹೀಗೆ ಇನ್ನೊಂದು ಪ್ರಮಾಣ ದೊರೆಯಿತು.

ಕನ್ನಡ ನಾಡೂ ಈ ಚರಿತ್ರೆಯಲ್ಲಿ ಪಾಲುಗೊಂಡಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಶೋಧವು ವಿಚಾರಾರ್ಹವಾದುದು. ಇಲಿಗಳನ್ನು ಅಲುಗಾಡದಂತೆ ಕಟ್ಟಿಟ್ಟು ಕ್ಲೇಶಪಡಿಸಿದಾಗ, ಈ ದ್ರವ್ಯವು ಸ್ಮರಣೆಗೆ ಆಧಾರವಾದ ಹಿಪ್ಪೊಕ್ಯಾಂಪಸ್ಸಿನಲ್ಲಿ ತಗ್ಗಿತು. ಭಯಕ್ಕೆ ಆಧಾರವಾದ ಅಮಿಗ್ಡಾಲದಲ್ಲಿ ಹೆಚ್ಚಿತು. ಆದುದರಿಂದ ವರ್ಧಕವೆಲ್ಲವೂ ಹಿತಕರವೆನ್ನಲಾಗದು. ಯಾವ ಸ್ಥಾನದಲ್ಲಿ ವೃದ್ಧಿಯೆಂಬುದೇ ಮುಖ್ಯ.

ಇಲಿಯ ಮಾತನ್ನು ನೇರವಾಗಿ ಮನುಷ್ಯರಿಗೆ ಅನ್ವಯಿಸುವುದು ಸಾಹಸ. ಆದರೂ ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಎಂದು ನಂಬಿ ನಡೆದ ನಮ್ಮ ಅಧ್ಯಾಪಕವರ್ಗವು ಇಲ್ಲಿ ತುಸು ನಿಂತು ಯೋಚಿಸಬೇಕು. ಛಡಿಯೂ ಒಂದು ಸಂಸ್ಕಾರವನ್ನು ಮೂಡಿಸುತ್ತದೆ. ಅದು ಪಾಠದ್ದೋ ಭಯದ್ದೋ ಎಂಬುದೇ ಪ್ರಶ್ನೆ.