ಫರಂಗಿಪೇಟೆಯ ಪಾದ್ರಿ ಮಿರಾಂದ: ರಕ್ತಸಾಕ್ಷಿಯೇ, ಗಡೀಪಾರಾದವರೇ?

1784ರಲ್ಲಿ ಕೆನರಾದ ಕೊಂಕಣಿ ಕ್ರೈಸ್ತರನ್ನು ಟಿಪ್ಪು ಸುಲ್ತಾನ್ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಸಂಗತಿಯಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಸೆರೆಯಾದವರ ಸಂಖ್ಯೆಯಲ್ಲಿ ಮಾತ್ರ ಲೆಕ್ಕಗಳು ಹೊಂದುವುದಿಲ್ಲ. ಥಾಮಸ್ ಮನ್ರೋ ಸುಮಾರು 60,000 ಎಂದದ್ದು ಹೆಚ್ಚು ಬಳಕೆಯಲ್ಲಿದೆ. ಸೆವೆರೀನ್ ಸಿಲ್ವಾ, ಪ್ರಾಕ್ಸಿ ಫರ್ನಾಂಡಿಸ್, ಅಲನ್ ಮಚಾದೊ ಪ್ರಭು ಮೊದಲಾದವರು ಈ ಕಾಲದ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಇಲ್ಲಿ ನನ್ನ ಪ್ರಶ್ನೆ ಚಿಕ್ಕದು: ಇಂದಿನ ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ ಇಗರ್ಜಿ ಮತ್ತು ಸೆಮಿನರಿಯನ್ನು ನಡೆಸುತ್ತಿದ್ದ ಗೋವಾದ ಪಾದ್ರಿ ಜೊವಾಕಿಂ ದ ಮಿರಾಂದರನ್ನು ರಕ್ತಸಾಕ್ಷಿಗಳ ಸಾಲಿನಲ್ಲಿ ನೆನೆಯುವುದು ಸರಿಯೇ?

ಸಮುದಾಯದ ಚರಿತ್ರೆಗಳಲ್ಲಿ ನೆಲೆಗೊಂಡಿರುವ ಕಥನ ಹೀಗಿದೆ. ಮಿರಾಂದರಿಗೆ ಹೈದರಾಲಿಯ ಸ್ನೇಹವಿತ್ತು. ಹೈದರ್ ಅವರ ಮಠದಲ್ಲಿ ತಂಗಿದ್ದೂ ಉಂಟು. ಮಗನ ಕಾಲಕ್ಕೆ ಎಲ್ಲವೂ ಬದಲಾಯಿತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕ್ರೈಸ್ತರು ಜನರಲ್ ಮ್ಯಾಥ್ಯೂಸ್‌ನ ಸೈನ್ಯಕ್ಕೆ ನೆರವಾದರೆಂಬ ಆರೋಪ ಬಂತು. ಮಿರಾಂದರನ್ನೂ ಇತರ ಗೋವಾ ಪಾದ್ರಿಗಳನ್ನೂ ಬಂಧಿಸಿ, ಎರಡು ಲಕ್ಷ ರೂಪಾಯಿ ದಂಡ ವಿಧಿಸಿ, ಮರಳಿ ಬಂದರೆ ಗಲ್ಲಿಗೇರಿಸುವುದಾಗಿ ಬೆದರಿಸಿ ಗೋವಾಕ್ಕೆ ಅಟ್ಟಲಾಯಿತು.

ಇದಕ್ಕೆ ಎದುರಾಗಿ ನಿಲ್ಲುವುದು ಫ್ರಾನ್ಸಿಸ್ ಬುಕಾನನ್ನನ ಮಾತು. 1801ರಲ್ಲಿ ತುಳುನಾಡನ್ನು ಸುತ್ತಿದ ಆತನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಟಿಪ್ಪು ಪಾದ್ರಿಗಳನ್ನು ನೆಲಮಾಳಿಗೆಯ ಸೆರೆಗೆ ತಳ್ಳಿದ, ಉಳಿದವರನ್ನು ಬಲವಂತದಿಂದ ಮತಾಂತರಿಸಿದ, ಇಗರ್ಜಿಗಳನ್ನೆಲ್ಲ ಕೆಡವಿದ ಎಂದು ಆತ ಹೇಳುತ್ತಾನೆ. ಪಾದ್ರಿಗಳು ಈಗ ಬಿಡುಗಡೆಯಾಗಿದ್ದಾರೆ ಎಂದೂ, ಮತಾಂತರಗೊಂಡಿದ್ದವರು ಅವರ ಮೂಲಕ ಮತ್ತೆ ಸಭೆಗೆ ಸೇರುತ್ತಿದ್ದಾರೆ ಎಂದೂ ಮುಂದುವರಿಸುತ್ತಾನೆ. ಅಂದರೆ ಒಂದು ಮೂಲದ ಪ್ರಕಾರ ಗಡೀಪಾರು, ಇನ್ನೊಂದರ ಪ್ರಕಾರ ಸೆರೆ. ಬಂಧಿಸಿದ ಮೇಲೆ ಅಟ್ಟಿರಬಹುದಾದ್ದರಿಂದ ಇವೆರಡನ್ನೂ ಹೊಂದಿಸಲು ಸಾಧ್ಯ. ಆದರೆ ಬುಕಾನನ್ ಹೇಳದೆ ಬಿಟ್ಟದ್ದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಯಾವ ಪಾದ್ರಿಯನ್ನಾದರೂ ಕೊಂದ ಸುದ್ದಿ ಈ ವಿವರದಲ್ಲಿ ಇಲ್ಲ.

ಮೌನವನ್ನು ಸಾಕ್ಷ್ಯವಾಗಿ ಬಳಸುವುದು ಅಪಾಯದ ದಾರಿ ಎಂಬುದನ್ನು ಬಲ್ಲೆ. ಆದರೂ ಈ ಮೌನಕ್ಕೆ ತೂಕವಿದೆ. ಬುಕಾನನ್ ಕಂಪನಿಯ ನೌಕರ. ಟಿಪ್ಪು ಸತ್ತು ಎರಡು ವರ್ಷವೂ ಆಗಿರಲಿಲ್ಲ. ಬಿದ್ದ ದೊರೆಯ ಕ್ರೌರ್ಯವನ್ನು ಮರೆಮಾಚಲು ಅವನಿಗೆ ಕಾರಣವಿರಲಿಲ್ಲ, ದಾಖಲಿಸಲು ಕಾರಣಗಳಿದ್ದವು. ಪಾದ್ರಿಗಳ ಹತ್ಯೆ ನಡೆದಿದ್ದು ಮಂಗಳೂರಿನಲ್ಲಿ ಆ ಮಾತು ಅವನ ಕಿವಿಗೆ ಬಿದ್ದಿದ್ದರೆ ನೆಲಮಾಳಿಗೆಯ ಸೆರೆಯನ್ನಷ್ಟೇ ಬರೆದು ಅದನ್ನು ಬಿಡುತ್ತಿದ್ದನೇ? ಹಾಗಾಗಿ, ಮಿರಾಂದರ ಮಟ್ಟಿಗಂತೂ, ಬಹುಶಃ ಅವರ ಜೊತೆಯ ಪಾದ್ರಿಗಳ ಮಟ್ಟಿಗೂ, ಪಾದ್ರಿಗಳನ್ನು ಕೊಲ್ಲುವುದು ಟಿಪ್ಪುವಿನ ನೀತಿಯಾಗಿರಲಿಲ್ಲ, ಅವರನ್ನು ಜನರಿಂದ ಬೇರ್ಪಡಿಸುವುದೇ ನೀತಿಯಾಗಿತ್ತು ಎಂದು ವಾದಿಸುತ್ತೇನೆ. ಇದು ಪಾದ್ರಿಗಳಿಗೆ ಸೀಮಿತವಾದ ಮಾತು. ಘಟ್ಟ ಹತ್ತುವ ದಾರಿಯಲ್ಲೂ ಶ್ರೀರಂಗಪಟ್ಟಣದಲ್ಲೂ ಸತ್ತ ಸಾವಿರಾರು ಗೃಹಸ್ಥರಿಗೆ ಇದು ಅನ್ವಯಿಸುವುದಿಲ್ಲ.

ಈ ವಾದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು ಬೆಳ್ತಂಗಡಿಯ ಜಮಾಲಾಬಾದ್. ಸೆರೆಯಾಳುಗಳನ್ನು ಆ ಬಂಡೆಯ ಮೇಲಿಂದ ತಳ್ಳುತ್ತಿದ್ದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಆದರೆ ಕೋಟೆ ಕಟ್ಟಿದ್ದು 1794ರಲ್ಲಿ ಎಂಬುದು ಸಾಮಾನ್ಯ ಒಪ್ಪಿಗೆ. ಜಮಾಲಾಬಾದ್ ಎಂಬ ಹೆಸರನ್ನು ಟಿಪ್ಪು ಅದಕ್ಕೆ ಇಟ್ಟದ್ದೂ ಆಗಲೇ. 1784ರ ಫೆಬ್ರವರಿಯಲ್ಲಿ ಅಲ್ಲಿದ್ದದ್ದು ಹೆಚ್ಚೆಂದರೆ ನರಸಿಂಹಗಡದ ಹಳೆಯ ನೆಲೆ. ಬಂಡೆಯ ಕತೆಗಳನ್ನು ಸುಳ್ಳೆನ್ನುವುದು ನನ್ನ ಉದ್ದೇಶವಲ್ಲ. ಅವು ನಂತರದ ದಶಕದ ನೆನಪುಗಳಾಗಿರುವ ಸಂಭವ ಹೆಚ್ಚು.

ಎರಡನೆಯದು ತಾರೀಖು. ಸೆರೆಹಿಡಿದದ್ದು 1784ರ ಫೆಬ್ರವರಿ 24ರಂದು, ಬೂದಿ ಬುಧವಾರ ಎಂದು ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಿದೆ. ಲೆಕ್ಕ ಹಾಕಿ ನೋಡಿದರೆ ಇದು ಕೂಡಿಬರುವುದಿಲ್ಲ. ಆ ವರ್ಷದ ಈಸ್ಟರ್ ಏಪ್ರಿಲ್ 11. ಅಲ್ಲಿಂದ 46 ದಿನ ಹಿಂದಕ್ಕೆ, ಅಧಿಕ ವರ್ಷದ ಫೆಬ್ರವರಿಗೆ 29 ದಿನ ಹಿಡಿದು ಎಣಿಸಿದರೆ, ಬೂದಿ ಬುಧವಾರ ಬೀಳುವುದು ಫೆಬ್ರವರಿ 25ಕ್ಕೆ. 24 ಮಂಗಳವಾರ. ಇಸ್ಲಾಮೀ ದಿನ ಸೂರ್ಯಾಸ್ತಕ್ಕೆ ಆರಂಭವಾಗುವುದರಿಂದ ಮಂಗಳವಾರ ರಾತ್ರಿಯೂ ಬುಧವಾರದ ಹಗಲೂ ಟಿಪ್ಪುವಿನ ಅಧಿಕಾರಿಗಳಿಗೆ ಒಂದೇ ದಿನ. ಗೊಂದಲ ಹುಟ್ಟಿದ್ದು ಅಲ್ಲಿಂದಲೂ ಇರಬಹುದು. ಅದು ಹಾಗಿರಲಿ. ಬಾರಕೂರಿನಿಂದ ಬಂಟ್ವಾಳದವರೆಗಿನ ಅಷ್ಟೊಂದು ಊರುಗಳನ್ನು ಒಂದೇ ದಿನದಲ್ಲಿ ಬರಿದು ಮಾಡುವುದು ಸುಲಭದ ಕೆಲಸವಲ್ಲ. ಪಾದ್ರಿ ಹಣೆಗೆ ಬೂದಿ ಹಚ್ಚುತ್ತಿರುವಾಗಲೇ ಸೈನಿಕರು ಇಗರ್ಜಿಗೆ ನುಗ್ಗಿದರೆಂಬ ಚಿತ್ರ ಈ ತಾರೀಖಿನ ಹೊಂದಿಕೆಯನ್ನೇ ಆಧರಿಸಿದೆ. ಆ ಹೊಂದಿಕೆ ಸಡಿಲವಾದರೆ ಚಿತ್ರವನ್ನು ಸಾಕ್ಷ್ಯವಾಗಿ ಬಳಸಲಾಗದು.

ಆದೇಶ ಎಲ್ಲೆಡೆ ಒಂದೇ ಬಗೆಯಲ್ಲಿ ಜಾರಿಯಾಗಲಿಲ್ಲ ಎಂಬುದಕ್ಕೆ ಮೂಡುಬಿದಿರೆ ಸಮೀಪದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯೇ ಸಾಕ್ಷಿ. ಕೆನರಾದ 27 ಇಗರ್ಜಿಗಳು ನೆಲಸಮವಾದವೆನ್ನುವ ಕಥನಗಳೇ, ಮೂಡುಬಿದಿರೆಯ ಚೌಟ ಅರಸರ ಮಧ್ಯಸ್ಥಿಕೆಯಿಂದ ಇದೊಂದು ಉಳಿಯಿತು ಎನ್ನುತ್ತವೆ. ಎಲ್ಲ ಇಗರ್ಜಿಗಳೂ ಕೆಡವಲ್ಪಟ್ಟವು ಎಂಬ ಬುಕಾನನ್ನನ ಮಾತಿಗೆ ಇಲ್ಲಿ ತಿದ್ದುಪಡಿ ಬೇಕು. ಒಬ್ಬ ಜೈನ ಅರಸನ ಮಾತು ಒಂದು ಇಗರ್ಜಿಯನ್ನು ಉಳಿಸಬಲ್ಲದಾದರೆ, ಒಬ್ಬ ಪಾದ್ರಿಗೆ ಸೆರೆ, ಇನ್ನೊಬ್ಬರಿಗೆ ಗಡೀಪಾರು ಆಗಿರುವುದೂ ಅಸಹಜವಲ್ಲ.

ಮಿರಾಂದರು ರಕ್ತಸಾಕ್ಷಿಯಲ್ಲ ಎಂದರೆ ಅವರನ್ನು ಕಿರಿದಾಗಿಸಿದಂತಲ್ಲ. ಸೋವಿಯತ್ ಆಳ್ವಿಕೆಯ ಕಿರುಕುಳವನ್ನು ಅಳೆಯುವಾಗ ರಷ್ಯಾದ ಆರ್ಥಡಾಕ್ಸ್ ಸಭೆ ಈ ವಿವೇಕವನ್ನು ತೋರಿದೆ. ಇಗರ್ಜಿಯ ಬೆಳ್ಳಿಬಂಗಾರದ ಜಪ್ತಿಯನ್ನು ವಿರೋಧಿಸಿದರೆಂಬ ಆರೋಪದ ಮೇಲೆ 1922ರಲ್ಲಿ ಗುಂಡಿಗೆ ಬಲಿಯಾದ ಪೆಟ್ರೋಗ್ರಾಡ್‌ನ ವೆನಿಯಾಮಿನ್‌ರನ್ನು ಅದು 1992ರಲ್ಲಿ ರಕ್ತಸಾಕ್ಷಿಗಳ ಸಾಲಿಗೆ ಸೇರಿಸಿತು. ಬಂಧನ, ವಿಚಾರಣೆಗಳನ್ನು ಅನುಭವಿಸಿ 1925ರಲ್ಲಿ ತೀರಿಕೊಂಡ ಪೇಟ್ರಿಯಾರ್ಕ್ ತಿಖೋನ್‌ರನ್ನು 1989ರಲ್ಲೇ ಸಂತರೆಂದು ಘೋಷಿಸಿತ್ತು, ಆದರೆ ಕೊಲೆಯಾಗದೆ ವಿಶ್ವಾಸಕ್ಕಾಗಿ ನೊಂದವರ ಸಾಲಿನಲ್ಲಿ. ಕಿರುಕುಳ ಒಂದೇ, ಗೌರವದ ಸ್ಥಾನಗಳು ಎರಡು. ಆರೋಪ ರಾಜಕೀಯದ್ದೆಂಬ ಕಾರಣಕ್ಕೆ ಇಬ್ಬರನ್ನೂ ಕೈಬಿಡಲಿಲ್ಲ. ಮಿರಾಂದರ ಸ್ಥಾನ ತಿಖೋನ್‌ರ ಸಾಲಿನಲ್ಲಿದೆ. ಸಾವಿರಾರು ಜನ ಹದಿನೈದು ವರ್ಷ ತಮ್ಮ ಪಾದ್ರಿಗಳಿಲ್ಲದೆ ಕಳೆಯಬೇಕಾಯಿತು. ಆ ನೀತಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುವುದು ಮಿರಾಂದರ ಬದುಕಿನಿಂದಲೇ. ಅವರ ಸಾವಿನ ಬಗ್ಗೆ ಊಹೆ ಕಟ್ಟಿದರೆ ಈ ನೋಟ ತಪ್ಪಿಹೋಗುತ್ತದೆ.

ತೀರ್ಮಾನವಾಗದೆ ಉಳಿಯುವುದು ಕಾಲಾನುಕ್ರಮ. ಮಂಗಳೂರಿನ ಕೋಟೆ ಟಿಪ್ಪುವಿನ ವಶವಾದದ್ದು ಜನವರಿ ಕೊನೆಗೆ, ಕಂಪನಿಯೊಂದಿಗೆ ಒಪ್ಪಂದವಾದದ್ದು ಮಾರ್ಚ್ 11ಕ್ಕೆ. ಈ ಆರು ವಾರಗಳಲ್ಲಿ ಪಾದ್ರಿಗಳನ್ನು ಅಟ್ಟಿದ್ದು ಜನರನ್ನು ಸೆರೆಹಿಡಿಯುವ ಮೊದಲೋ, ಆಮೇಲೋ? ಮೊದಲೇ ಆಗಿದ್ದರೆ ಫೆಬ್ರವರಿ 25ರಂದು ಮೊಂತೆ ಮರಿಯಾನೊದಲ್ಲಿ ಬೂದಿ ಹಚ್ಚಲು ಮಿರಾಂದರು ಇರಲೇ ಇಲ್ಲ. ಇದನ್ನು ಇತ್ಯರ್ಥ ಮಾಡಲು ಗೋವಾದ ಪೋರ್ಚುಗೀಸ್ ಆಡಳಿತದ 1784ರ ಪತ್ರವ್ಯವಹಾರವನ್ನು ಗಡೀಪಾರಾದವರ ಹೆಸರು ಹಿಡಿದು ಓದಬೇಕಾಗಿದೆ.